ಸಾಸಿವೆ, ರಂಗೋಲಿ

ಬಿಕ್ಕೋಡಿನಲ್ಲಿ ಹೂಮಳೆ ಬಿದ್ದಿದೆ. ತೋಟವೆಲ್ಲ ಕಾಫಿ ಹೂವಿನ ಘಮ. ಕಿಮೋ ನಡೆಯುವಾಗ ಚಿಕ್ಕಮ್ಮನಿಗೆ ಈ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಇವತ್ತು ಬಾಗಿಲಲ್ಲಿ ನಿಂತು ಮೂಗಿನ ತುಂಬ ಎಳೆದುಕೊಂಡರು.

ಆಗ ಅವರಿಗೆ ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ಕೊಟ್ಟಿದ್ದೆ. ಕ್ಯಾನ್ಸರ್ ದಾಟಿ ಬಂದ ಲೇಖಕಿ ತಮ್ಮದೇ ಅನುಭವ ಬರೆದ ಪುಸ್ತಕ. ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಬುದ್ಧ ಕಳಿಸಿದಾಗ ಕಿಸಾಗೋತಮಿ ಬರಿಗೈಲಿ ವಾಪಸು ಬಂದಳಲ್ಲ, ಇಲ್ಲೊಬ್ಬ ಹೆಣ್ಣುಮಗಳು ತಂದೇಬಿಟ್ಟಿದ್ದಾಳೆ. ಆ ಹೆಸರಿಗೇ ನಾನು ಸೋತಿದ್ದೆ.

ಚಿಕ್ಕಮ್ಮ ಓದಿ ಮುಗಿಸಿ ಏನೂ ಹೇಳಲಿಲ್ಲ. ಬರೆಯುವುದು ಅವರ ದಾರಿಯಲ್ಲ. ಮಾರನೇ ಬೆಳಿಗ್ಗೆ ರಂಗೋಲಿ ಡಬ್ಬ ಹಿಡಿದು ಅಂಗಳಕ್ಕಿಳಿದರು. ಔಷಧಿಗೆ ಬೆರಳ ತುದಿ ಜೋಮು ಹಿಡಿದು ಪುಡಿ ಹಿಡಿತಕ್ಕೆ ಸಿಗದು, ಎಳೆ ಕಡಿಕಡಿದು ಬೀಳುತ್ತಿತ್ತು. ಅಳಿಸಿ ನಾನು ಹಾಕಿಕೊಡಲೇ ಅಂದೆ.

“ಬ್ಯಾಡ ಬಿಡವ್ವ. ನನ್ ಕೈ ಈಗ ಹಿಂಗೇ ಐತೆ, ಹಂಗೇ ಕಾಣ್ಲಿ.”

ಅವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ಇವತ್ತು ಹದಿನೈದು ಚುಕ್ಕಿಯ ದೊಡ್ಡ ಹೂವು. ಎಳೆ ಎಲ್ಲೂ ಕಡಿದಿಲ್ಲ. ಎಡಗಡೆ ಒಂದು ದಳ ಮಾತ್ರ ಇಲ್ಲ. ಬೇಕೆಂದೇ ಬಿಟ್ಟಿದ್ದಾರೆ.