ಎಳೆ ಬಲ್ಲವರ ಕುರ್ಚಿ

ವಿಂಡ್ಸರ್ ಕುರ್ಚಿಯ ಜೀವವೆಲ್ಲ ಅದರ ಕೂರುವ ಹಲಗೆಯಲ್ಲಿದೆ. ಸಾಮಾನ್ಯ ಕುರ್ಚಿಯಲ್ಲಿ ಹಿಂಗಾಲುಗಳೇ ಮೇಲಕ್ಕೆ ಬೆಳೆದು ಬೆನ್ನಿಗೆ ಆಸರೆಯಾಗುತ್ತವೆ; ಇಲ್ಲಿ ಕಾಲುಗಳು ಹಲಗೆಯ ಕೆಳಗಿನಿಂದ, ಬೆನ್ನಿನ ಕಡ್ಡಿಗಳು ಮೇಲಿನಿಂದ ಬೇರೆಬೇರೆಯಾಗಿ ನಾಟಿಕೊಳ್ಳುತ್ತವೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಈ ಕುರ್ಚಿಗೆ ಮುಂದೆ ಲಂಡನ್ನಿನ ವಾಯವ್ಯಕ್ಕಿರುವ ಹೈ ವಿಕಂಬ್ ಪಟ್ಟಣ ತವರಾಯಿತು. ಸುತ್ತಲಿನ ಚಿಲ್ಟರ್ನ್ ಗುಡ್ಡಗಳ ತುಂಬ ಬೀಚ್ ಮರವಿತ್ತು.

ಕಾಲು ಕಡೆಯುವವರನ್ನು ಬಾಡ್ಜರ್ ಎನ್ನುತ್ತಿದ್ದರು. ಅವರಿಗೆ ಕಾಡೇ ಕಾರ್ಖಾನೆ. ಬೀಚಿನ ದಿಮ್ಮಿ ಹಸಿಯಿರುವಾಗಲೇ ಬೆಣೆ ಹೊಡೆದು ಉದ್ದಕ್ಕೆ ಸೀಳುತ್ತಿದ್ದರು. ಗರಗಸ ಹಾಕಿದರೆ ಮರದ ಎಳೆ ನಡುವೆ ತುಂಡಾಗಬಹುದು. ಸೀಳಿದ ತುಂಡಿನಲ್ಲಿ ಎಳೆ ತುದಿಯಿಂದ ತುದಿಗೆ ಅಖಂಡ. ಸಣಕಲಾಗಿ ಕಾಣುವ ಕಾಲು ಆಳಿನ ಭಾರ ತಾಳುವ ಗುಟ್ಟು ಇದು. ಅವರ ಲೇತ್ ಕೂಡ ಕಾಡಿನದೇ: ತಲೆಯ ಮೇಲೊಂದು ಬಳುಕುವ ಗಳ, ಅದರಿಂದಿಳಿದು ಮರದ ತುಂಡಿಗೆ ಸುತ್ತಿಕೊಂಡ ಹಗ್ಗ, ಕೆಳಗೆ ತುಳಿಯುವ ಹಲಗೆ. ತುಳಿದರೆ ತುಂಡು ಉಳಿಯ ಕಡೆಗೆ ತಿರುಗುತ್ತದೆ, ಒದ್ದೆ ಸುರುಳಿಗಳು ಉದುರುತ್ತವೆ. ಕಾಲೆತ್ತಿದರೆ ಗಳ ಹಗ್ಗವನ್ನು ಮೇಲೆಳೆದು ತುಂಡನ್ನು ಹಿಂದಕ್ಕೆ ತಿರುಗಿಸುತ್ತದೆ. ಹಸಿಯಲ್ಲಿ ದುಂಡಗೆ ಕಡೆದ ಕಾಲು ಒಣಗಿದ ಮೇಲೆ ತುಸು ಮೊಟ್ಟೆಯಾಕಾರಕ್ಕೆ ಬರುತ್ತದೆ, ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲವಲ್ಲ. ಹಳೆಯ ಕುರ್ಚಿಯ ಕಾಲನ್ನು ಬೆರಳಲ್ಲಿ ಬಳಸಿ ಹಿಡಿದರೆ ಇದು ತಿಳಿಯುತ್ತದೆ.

ಕೂರುವ ಹಲಗೆಗೆ ಎಲ್ಮ್ ಮರ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಂಚಿನ ಹತ್ತಿರ ತೂತು ಕೊರೆದರೂ ಸುಲಭಕ್ಕೆ ಸೀಳುವುದಿಲ್ಲ. ಹಲಗೆಯನ್ನು ಪಾದಗಳಿಂದ ಒತ್ತಿ ನಿಂತು, ಉದ್ದ ಹಿಡಿಯ ಬಾಚಿಯನ್ನು ಎರಡು ಪಾದಗಳ ನಡುವೆ ತನ್ನ ಕಡೆಗೇ ಬೀಸಿ, ಕೂರುವ ತಗ್ಗನ್ನು ತೋಡಬೇಕು. ಇಡೀ ಕಸುಬಿನಲ್ಲಿ ಇಷ್ಟು ಮೈಯೆಲ್ಲ ಕಣ್ಣಾಗಿರಬೇಕಾದ ಕೆಲಸ ಇನ್ನೊಂದಿಲ್ಲ.

ಬೆನ್ನಿನ ಕಮಾನು ಆಶ್ ಅಥವಾ ಯೂ ಮರದ್ದು. ಹಬೆಯಲ್ಲಿ ಮೆತ್ತಗಾಗಿಸಿ ಅಚ್ಚಿಗೆ ಬಗ್ಗಿಸಿಡುತ್ತಾರೆ. ಜೋಡಣೆ ಮೊಳೆಯನ್ನು ನೆಚ್ಚಿಕೊಂಡಿಲ್ಲ. ಕಾಲುಗಳ ನಡುವಿನ ಅಡ್ಡಗೋಲನ್ನು ಕಾಲಿಗಿಂತ ಚೆನ್ನಾಗಿ ಒಣಗಿಸಿ ಕೂರಿಸಿದರೆ ಅದು ತೇವ ಹೀರಿ ಉಬ್ಬುತ್ತದೆ, ಕಾಲು ಒಣಗುತ್ತ ಅದನ್ನು ಬಿಗಿಯುತ್ತದೆ. ಕಾಲಿನ ತಲೆ ಹಲಗೆಯನ್ನು ತೂರಿ ಮೇಲೆ ಬಂದರೆ, ಆ ತಲೆಯನ್ನು ಸೀಳಿ ಬೆಣೆ ಬಡಿಯುತ್ತಾರೆ. ಬೆಣೆ ಹಲಗೆಯ ಎಳೆಗೆ ಅಡ್ಡಲಾಗಿಯೇ ಇರಬೇಕು, ಎಳೆಯುದ್ದಕ್ಕೆ ಬಡಿದರೆ ಹಲಗೆಯೇ ಬಿರಿದೀತು.

1875ರ ಸುಮಾರಿಗೆ ಹೈ ವಿಕಂಬಿನಲ್ಲಿ ದಿನಕ್ಕೆ 4,700 ಕುರ್ಚಿ ತಯಾರಾಗುತ್ತಿದ್ದವೆಂಬ ಅಂದಾಜಿದೆ. 20ನೇ ಶತಮಾನದ ನಡುವಿನ ಹೊತ್ತಿಗೆ ಕಾಡಿನ ಬಾಡ್ಜರರು ಮರೆಯಾದರು. 1960ರ ದಶಕದ ಕೊನೆಯಿಂದ ಹಬ್ಬಿದ ಶಿಲೀಂಧ್ರ ರೋಗಕ್ಕೆ ಬ್ರಿಟನ್ನಿನ ಎಲ್ಮ್ ಮರಗಳು ಲಕ್ಷಗಟ್ಟಲೆ ಸತ್ತವು. ಇಂದು ಕೈಯಲ್ಲೇ ಈ ಕುರ್ಚಿ ಮಾಡುವವರಲ್ಲಿ ಹಲವರು ಹಲಗೆಗೆ ಬೇರೆ ಮರ ಹುಡುಕಿಕೊಂಡಿದ್ದಾರೆ.