ಕುಣಿಗಲಿನ ಹಾದಿಯಲ್ಲಿ ಓದಿದ ನಾಟಕ

ತುಮಕೂರಿನಿಂದ ಗುಬ್ಬಿಗೆ ರೈಲಿನ ಪ್ರಯಾಣ ಬಹು ಸ್ವಲ್ಪ ಹೊತ್ತಿನದು. ಆದರೂ ಕೈಯಲ್ಲಿ ಪುಸ್ತಕವಿಲ್ಲದೆ ಮನೆಯ ಹೊಸ್ತಿಲು ದಾಟುವ ಅಭ್ಯಾಸ ನಮಗಿಲ್ಲ. ಈ ಸಾರಿ ಕೈಯಲ್ಲಿದ್ದುದು ‘ಟೀ’ ಎಂಬ ಇಂಗ್ಲಿಷ್ ನಾಟಕ. ಕೊಟ್ಟವನು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನು. ಅಲ್ಲಿ ಜಪಾನೀಯರ ಉದ್ಯಮಗಳಿಗೆಂದು ಸರ್ಕಾರವು ನೆಲವನ್ನು ಮೀಸಲಿಟ್ಟಂದಿನಿಂದ ಆತನು ಆ ದೇಶದ ಸಂಬಂಧವಾದ ಪುಸ್ತಕಗಳನ್ನು ಕಂಡಲ್ಲೆಲ್ಲ ಕೊಳ್ಳುತ್ತಾನೆ. “ಮೇಷ್ಟ್ರೇ, ಕುಣಿಗಲಿಗೆ ಅಕ್ಕನನ್ನು ನೋಡಲು ಹೊರಟಿದ್ದೀರಿ, ಇದನ್ನು ಓದಿಕೊಂಡು ಹೋಗಿ” ಎಂದನು. ಅದೇಕೆ ಹಾಗೆಂದನೋ ಆಗ ನಮಗೆ ತಿಳಿಯಲಿಲ್ಲ.

ನಾಟಕವನ್ನು ರಚಿಸಿದಾಕೆ ವೆಲಿನಾ ಹಸು ಹ್ಯೂಸ್ಟನ್. ಈಕೆಯ ತಾಯಿ ಜಪಾನಿನವಳು; ತಂದೆ ಅಮೆರಿಕದ ಸೈನ್ಯದಲ್ಲಿದ್ದ ಆಫ್ರಿಕನ್ ಮೂಲದವನು. 1945ರಲ್ಲಿ ಜಪಾನು ಸೋತ ಮೇಲೆ 1952ರ ವರೆಗೆ ಅಮೆರಿಕದ ದಂಡಿನ ಆಡಳಿತವು ಅಲ್ಲಿದ್ದಿತಷ್ಟೆ. ಆ ಕಾಲದಲ್ಲಿಯೂ ಅನಂತರದಲ್ಲಿಯೂ ಆ ಸೈನಿಕರ ಕೈಹಿಡಿದು ಕಡಲನ್ನು ದಾಟಿದ ಜಪಾನೀ ಹೆಣ್ಣುಮಕ್ಕಳು ಹತ್ತಾರು ಸಾವಿರ ಮಂದಿ. ಹೊರಡುವ ಮುನ್ನ ಅವರಿಗೆ ಆ ದೇಶದ ಅಡಿಗೆ, ಉಡಿಗೆ, ನಡವಳಿಕೆಗಳನ್ನು ಕಲಿಸುವುದಕ್ಕೆ ರೆಡ್‌ಕ್ರಾಸ್ ಸಂಸ್ಥೆಯವರು ಪಾಠಶಾಲೆಗಳನ್ನೇ ತೆರೆದಿದ್ದರು. ಆದರೆ ಜಪಾನೀಯರಿಗೆ ಅಮೆರಿಕದ ಪೌರತ್ವವನ್ನು ಪಡೆಯುವ ಹಕ್ಕು ಬಂದದ್ದು 1952ರ ಶಾಸನದಿಂದ. ವರ್ಣಾಂತರ ವಿವಾಹವನ್ನು ನಿಷೇಧಿಸುವ ಕಾನೂನಂತೂ ಅಲ್ಲಿನ ಕೆಲವು ಸಂಸ್ಥಾನಗಳಲ್ಲಿ 1967ರ ವರೆಗೂ ಉಳಿದಿತ್ತು. ಶಕುಂತಲೆಯನ್ನು ಕಳುಹಿಸಿಕೊಡುವಾಗ ಕಣ್ವಮಹರ್ಷಿಗಳೊಡನೆ ಆಶ್ರಮದ ಬಳ್ಳಿ ಜಿಂಕೆಗಳೂ ಮರುಗಿದುವೆಂದು ನಾವು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದೆವು. ಈ ವಧುಗಳಲ್ಲಿ ಅನೇಕರಿಗೆ ತವರಿನ ಬಾಗಿಲಲ್ಲಿ ನಿಂತು ಕಣ್ಣೀರಿಡುವವರೂ ಇರಲಿಲ್ಲ; ಶತ್ರುವನ್ನು ವರಿಸಿದಳೆಂದು ಬಂಧುಗಳು ಮುಖ ತಿರುಗಿಸಿದ್ದರು.

ಇಷ್ಟನ್ನು ಓದುವಷ್ಟರಲ್ಲಿ ಗುಬ್ಬಿ ಬಂದಿತು. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪೆನಿಯ ಊರು, ವೀರಣ್ಣನವರ ಊರು. ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ನಡೆದುದನ್ನು ನಮ್ಮ ತಂದೆಯವರು ಸಾಯುವವರೆಗೂ ಹೇಳುತ್ತಿದ್ದರು. ನಮ್ಮ ಕೈಯಲ್ಲಿದ್ದ ನಾಟಕದಲ್ಲಿ ಆನೆಯೂ ಇಲ್ಲ, ಪರದೆಗಳ ವೈಭವವೂ ಇಲ್ಲ. ಕಾನ್ಸಾಸ್ ಸೀಮೆಯ ಫೋರ್ಟ್ ರೈಲಿ ದಂಡುಪಾಳ್ಯದ ಬಳಿಯಿರುವ ಜಂಕ್ಷನ್ ಸಿಟಿಯಲ್ಲಿ ಹಿಮಿಕೋ ಎಂಬ ಜಪಾನೀ ಹೆಂಗಸು ಆತ್ಮಹತ್ಯೆ ಮಾಡಿಕೊಂಡಿದ್ದಾಳೆ. ಹೊಡೆಯುತ್ತಿದ್ದ ಗಂಡನನ್ನು ಹಿಂದೆ ತಾನೇ ಕೊಂದವಳು, ಮಗಳನ್ನೂ ಕಳೆದುಕೊಂಡವಳು. ಅವಳಂತೆಯೇ ಸೈನಿಕರ ಪತ್ನಿಯರಾಗಿ ಬಂದ ನಾಲ್ವರು ಅವಳ ಮನೆಯನ್ನು ಶುಚಿಮಾಡಲು ಬಂದು, ಚಹಾ ಕುಡಿಯುತ್ತ ಮಾತಾಡುತ್ತಾರೆ. ಸತ್ತವಳು ಅಲ್ಲಿಯೇ ನಿಂತು ಕೇಳುತ್ತಾಳೆ. ಈ ಹೆಂಗಸರೇ ಒಮ್ಮೆ ತಮ್ಮ ಗಂಡಂದಿರ, ಒಮ್ಮೆ ತಮ್ಮ ಹೆಣ್ಣುಮಕ್ಕಳ ಪಾತ್ರವನ್ನೂ ಧರಿಸುತ್ತಾರೆ. ಗಂಡಸರು ಸೀರೆಯುಟ್ಟು ದ್ರೌಪದಿಯಾದುದನ್ನು ಕಂಡ ಗುಬ್ಬಿಯವರಿಗೆ ಇದೇನೂ ಸೋಜಿಗವೆನಿಸದು. ಆದರೆ ತಾಯಿಯು ಮಗಳಾಗಿ ನಿಂತು ‘ನನ್ನ ತಾಯಿಯ ಮಾತು ನನಗೆ ಪರಕೀಯ’ ಎಂಬ ಭಾವವನ್ನು ನಟಿಸಬೇಕಾದುದನ್ನು ನೆನೆದು, ನಾವು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತೆವು.

ಗುಬ್ಬಿಯಿಂದ ಹೆಬ್ಬೂರಿನ ಮಾರ್ಗವಾಗಿ ಬಸ್ಸಿನಲ್ಲಿ ಕುಣಿಗಲನ್ನು ಸೇರಿದೆವು. ಇಲ್ಲಿನ ದೊಡ್ಡಕೆರೆಯನ್ನು ಹಾಡಿನಿಂದ ಅರಿಯದ ಕನ್ನಡಿಗರು ಕಡಮೆ. ಕುದುರೆಫಾರಮ್ಮಿನ ಚರಿತ್ರೆಯೂ ಹಳೆಯದೇ. ಟೀಪು ಸುಲ್ತಾನನು ತನ್ನ ಅಶ್ವದಳಕ್ಕೆ ಇಲ್ಲಿ ಕುದುರೆಗಳನ್ನು ಸಾಕಿಸಿದನು. ಅನಂತರ ಬಂದವರು ಪಂದ್ಯದ ಕುದುರೆಗಳನ್ನು ಬೆಳೆಸಿದರು. ಆ ಫೋರ್ಟ್ ರೈಲಿಯಲ್ಲಿಯೂ ಒಂದು ಕಾಲದಲ್ಲಿ ಅಶ್ವದಳದ ಶಿಕ್ಷಣಶಾಲೆಯಿದ್ದಿತು. ಪಂದ್ಯದ ಕುದುರೆಗೆ ತಾಯಿ ಯಾರು, ತಂದೆ ಯಾರು, ಎಲ್ಲಿಂದ ಬಂದಿತು ಎಂಬ ವಂಶಾವಳಿಯನ್ನು ಜತನವಾಗಿ ಬರೆದಿಡುತ್ತಾರೆ.

ನಮ್ಮ ಮಗಳನ್ನು ಈ ಊರಿಗೆ ಕೊಟ್ಟಿದ್ದೇವೆ. ಅಳಿಯಂದಿರು ಸೈನ್ಯದಲ್ಲಿ ಸುಬೇದಾರರು. ಹನ್ನೊಂದು ವರ್ಷಗಳಲ್ಲಿ ಜಲಂಧರ, ತೇಜಪುರ, ಈಗ ಜೋಧಪುರ. ರಜೆಗೆಂದು ಅತ್ತೆಯ ಮನೆಗೆ ಬಂದಿದ್ದವಳು ಕಾಫಿ ತಂದಿಟ್ಟು, ಮಗನನ್ನು “ಬಾರೋ, ತಾತನಿಗೆ ನಮಸ್ಕಾರ ಮಾಡು” ಎಂದು ಕರೆದಳು. ಅವನು ಹಿಂದಿಯಲ್ಲಿ ಏನೋ ಉತ್ತರ ಕೊಟ್ಟು ಓಡಿದನು. ಅವಳು ನಗುತ್ತ, “ಅವನಿಗೆ ಎಲ್ಲ ಅರ್ಥವಾಗುತ್ತೆ ಅಪ್ಪಾ, ಮಾತು ಮಾತ್ರ ಬರೋಲ್ಲ” ಎಂದಳು. ನಾವು ನಗಲಿಲ್ಲ. ರಾತ್ರಿ ಅವಳಿಗೆ ಪುಸ್ತಕವನ್ನು ಕೊಟ್ಟೆವು.

ಬೆಳಿಗ್ಗೆ ನಾವು ಸಂಧ್ಯಾವಂದನೆ ಮುಗಿಸಿ ಬರುವುದನ್ನೇ ಕಾದು ಕೇಳಿದಳು: “ಅಪ್ಪಾ, ಆ ಹಿಮಿಕೋ ಬದುಕಿದ್ದಾಗ ಈ ನಾಲ್ಕು ಜನ ಅವಳ ಮನೆಗೆ ಯಾಕೆ ಹೋಗಲಿಲ್ಲ?”

ಅವರವರಿಗೆ ಅವರವರ ಸಂಸಾರದ ತಾಪತ್ರಯವಿತ್ತು, ಅವಳ ಹೆಸರು ಕೆಟ್ಟಿತ್ತು, ಎಂದೇನೋ ಉಪಾಧ್ಯಾಯರ ಧಾಟಿಯಲ್ಲಿ ಹೇಳತೊಡಗಿ ನಡುವೆಯೇ ನಿಲ್ಲಿಸಿದೆವು. ಈ ಹನ್ನೊಂದು ವರ್ಷಗಳಲ್ಲಿ ಅವಳು ಸಂಸಾರ ಹೂಡಿದ ಯಾವ ಊರಿಗೂ ನಾವು ಹೋದವರಲ್ಲ. ದೂರವೆಂದೆವು, ಚಳಿಯೆಂದೆವು, ಮಡಿಗೆ ಅನುಕೂಲವಿಲ್ಲವೆಂದೆವು.

“ಜೋಧಪುರಕ್ಕೆ ಎಷ್ಟು ದಿನದ ಪ್ರಯಾಣವಮ್ಮಾ?” ಎಂದು ಕೇಳಿದೆವು.

“ಬೆಂಗಳೂರಿನಿಂದ ಎರಡು ರಾತ್ರಿ” ಎಂದವಳು, ನಮ್ಮ ಮುಖವನ್ನೊಮ್ಮೆ ನೋಡಿ, ಮಗನನ್ನು ಕರೆಯಲು ಅಂಗಳಕ್ಕೆ ಹೋದಳು.