ಯಾರ ಮಾತು ಯಾರ ಮಾತಿನೊಳಗೆ? ಮಲ್ಲಿಷೇಣ ಪ್ರಶಸ್ತಿ ಮತ್ತು ಟಿಪ್ಪಣಿಯ ಪದರಗಳು

ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಸುತ್ತಮುತ್ತ ಉಂಡೆ ಕೊಬ್ಬರಿಗೆಂದು ಕಾಯಿಗಳನ್ನು ಸಿಪ್ಪೆಸಹಿತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಡಿಸಿಕೊಂಡ ಮೇಲೆಯೇ ಸುಲಿಯುವುದು, ಒಡೆಯುವುದು. ಪದರಗಳನ್ನು ಕೆಡದಂತೆ ಬೇರ್ಪಡಿಸುವ ಈ ತಾಳ್ಮೆ ಸಂಶೋಧನೆಯ ಟಿಪ್ಪಣಿಗೂ ಬೇಕಾದುದು. ಅಕಲಂಕನ ಕಾಲವಿಚಾರವನ್ನು ಕುರಿತು ಅಧ್ಯಾಯವೊಂದನ್ನು ಬರೆಯುತ್ತಿದ್ದ ಇದೇ ಊರಿನ ವಿದ್ಯಾರ್ಥಿನಿಯೊಬ್ಬಳಿಗೆ ಅದು ಮನವರಿಕೆಯಾದದ್ದು ಮೊಬೈಲಿನ ಟಿಪ್ಪಣಿ ಆ್ಯಪಿನಲ್ಲಿ.

ಆಕೆಯ ಮುಖ್ಯ ಆಧಾರ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿ. ಶಕ 1050, ಎಂದರೆ ಕ್ರಿ.ಶ. 1129ರ ಈ ಸಂಸ್ಕೃತ ಶಾಸನವನ್ನು ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ. ಮಲ್ಲಿಷೇಣ ಮುನಿಯ ಸಮಾಧಿಮರಣವನ್ನು ಸ್ಮರಿಸುವ ನೆಪದಲ್ಲಿ ಅದು ಪೂರ್ವಾಚಾರ್ಯರನ್ನು ಸ್ತುತಿಸುತ್ತದೆ. ಆ ಸ್ತುತಿಯ ನಡುವೆ ಸಮಂತಭದ್ರ, ಅಕಲಂಕರು ತಾವೇ ಉತ್ತಮಪುರುಷದಲ್ಲಿ ಮಾತನಾಡುತ್ತಾರೆ. ಅಕಲಂಕನು ಸಾಹಸತುಂಗನೆಂಬ ಅರಸನನ್ನು ಸಂಬೋಧಿಸುತ್ತಾನೆ. ಈ ಅರಸನನ್ನು ಹಲವು ವಿದ್ವಾಂಸರು ಎಂಟನೆಯ ಶತಮಾನದ ರಾಷ್ಟ್ರಕೂಟ ದಂತಿದುರ್ಗನೆಂದು ಗುರುತಿಸಿದ್ದಾರೆ.

ಹೀಗೆ ಇಲ್ಲಿರುವುದು ಮೂರು ಪದರ: ಶಾಸನ, ಅದರೊಳಗೆ ಆಚಾರ್ಯಸ್ತುತಿ, ಸ್ತುತಿಯೊಳಗೆ ಆಚಾರ್ಯನ ಮಾತು. ಆ್ಯಪಿನಲ್ಲಿ ವಿದ್ಯಾರ್ಥಿನಿ ಇವನ್ನು ಒಂದರ ಕೆಳಗೊಂದು, ಅಂಚು ಬಿಟ್ಟು ಸರಿಯಾಗಿಯೇ ಜೋಡಿಸಿದ್ದಳು. ಪ್ರಬಂಧದ ಕರಡಿಗೆ ನಕಲಿಸಿದಾಗ ಅಂಚುಗಳು ಅಳಿದು, ಎಲ್ಲ ಸಾಲುಗಳೂ ಒಂದೇ ಮಟ್ಟಕ್ಕೆ ಬಂದವು. ಉಳಿದದ್ದು "ಅಕಲಂಕ, ಸಾಹಸತುಂಗನ ಸಭೆಯಲ್ಲಿ; ಆಧಾರ: ಶಾಸನ" ಎಂಬ ಸಾಲು. ಓದಿದವರಿಗೆ ಅದು ಸಮಕಾಲೀನ ಶಾಸನವೆಂದೇ ತೋರುವಂತಿತ್ತು. ದಂತಿದುರ್ಗನಿಗೂ ಈ ಶಾಸನಕ್ಕೂ ನಡುವೆ 350ಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಪರಂಪರೆಯು ಉಳಿಸಿಕೊಂಡ ನೆನಪು ಪ್ರತ್ಯಕ್ಷಸಾಕ್ಷ್ಯದ ವೇಷ ತೊಟ್ಟಿತ್ತು.

ಆಕೆ ಕಂಡುಕೊಂಡ ಪರಿಹಾರ ಸರಳವಾದದ್ದು. ಅಂಚು ಕಣ್ಣಿಗಷ್ಟೇ ನೆರವು. ಅರ್ಥವನ್ನು ಸಾಲೇ ಹೊರಬೇಕು. ಆದ್ದರಿಂದ ಪ್ರತಿ ಸಾಲಿನ ಆರಂಭದಲ್ಲಿ ಹೇಳುವವನ ಹೆಸರೂ ಆ ಮಾತು ದಾಖಲಾದ ಕಾಲವೂ ಇರಬೇಕು: "ಅಕಲಂಕನದೆಂದು 1129ರ ಪ್ರಶಸ್ತಿ ಹೇಳುವ ಮಾತು". ಹಾಗೆ ಬರೆದ ಸಾಲು ಎಲ್ಲಿಗೆ ಹೋದರೂ ತನ್ನ ಪದರವನ್ನು ತಾನೇ ಸಾರುತ್ತದೆ.

ಎರಡನೆಯದು, ನಿಜವಾಗಿ ಒಂದರೊಳಗೊಂದು ಇರುವುದನ್ನು ಮಾತ್ರ ಒಳಗಿಡಬೇಕು. ಪದ್ಯವು ಶಾಸನದೊಳಗಿದೆ, ಆದರೆ ಶಾಸನವು ದಂತಿದುರ್ಗನೊಳಗಿಲ್ಲ, ಜಿಲ್ಲೆಯೊಳಗೂ ಶಾಶ್ವತವಾಗಿ ಇರುವುದಿಲ್ಲ. ರೈಸರ ಕಾಲದಲ್ಲಿ ಶಿವಮೊಗ್ಗದ ಸಂಪುಟಕ್ಕೆ ಸೇರಿದ್ದ ಹೊನ್ನಾಳಿ ಇಂದು ದಾವಣಗೆರೆ ಜಿಲ್ಲೆಯಲ್ಲಿದೆ. ಅರಸ, ಜಿಲ್ಲೆ, ವಿಷಯ ಇವೆಲ್ಲ ಟಿಪ್ಪಣಿಗೆ ಅಂಟಿಸುವ ಗುರುತುಚೀಟಿಗಳಾಗಿರಲಿ. ಒಂದು ಟಿಪ್ಪಣಿಗೆ ಹತ್ತು ಚೀಟಿಗಳಿರಬಹುದು. ಮನೆ ಮಾತ್ರ ಒಂದೇ.

ಮೂರನೆಯದು ಸಂಖ್ಯೆಯ ವಿಚಾರ. ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವಾದ ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸರು 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದವು 144. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಪರಿಷ್ಕೃತ ಆವೃತ್ತಿಯಲ್ಲಿ 573. ರೈಸರಲ್ಲಿ 54 ಆಗಿದ್ದ ಮಲ್ಲಿಷೇಣ ಪ್ರಶಸ್ತಿ ನರಸಿಂಹಾಚಾರ್ಯರಲ್ಲಿ 67 ಆಯಿತು. ಆವೃತ್ತಿಯ ವರ್ಷವಿಲ್ಲದೆ "ಶ್ರವಣಬೆಳಗೊಳ 67" ಎಂದಷ್ಟೇ ಬರೆದುಕೊಂಡರೆ, ಮುಂದೆ ತೆರೆದಾಗ ಬೇರೆ ಶಾಸನವೇ ಎದುರಾದೀತು.

ಕರಡನ್ನು ಮತ್ತೆ ಬರೆದಾಗ ವಿದ್ಯಾರ್ಥಿನಿಯ ವಾದ ಮೊದಲಿಗಿಂತ ಮೆತ್ತಗಾಯಿತು. "ಶಾಸನದಿಂದ ಸಿದ್ಧವಾಗುತ್ತದೆ" ಎಂದಿದ್ದೆಡೆ "ಹನ್ನೆರಡನೆಯ ಶತಮಾನದ ಪರಂಪರೆ ಹೀಗೆ ನಂಬಿತ್ತು" ಎಂದಾಯಿತು. ಅಕಲಂಕನ ಕಾಲನಿರ್ಣಯಕ್ಕೆ ಆಕೆ ಬೇರೆ ಆಧಾರಗಳನ್ನೂ ಅರಸಬೇಕಾಗಿ ಬಂದು, ಅಧ್ಯಾಯ ಮುಗಿಯುವುದು ತಡವಾಯಿತು. ಆದರೆ ಮಲ್ಲಿನಾಥನ ಮಾತು ಮಲ್ಲಿನಾಥನದಾಗಿಯೇ ಉಳಿಯಿತು.